ತೆಂಗಿಗೆ ಮೂರು ಕಣ್ಣು

ತರೀಕೆರೆಯ ಮ್ಯಾಜಿಸ್ಟ್ರೇಟರು ಜಯದೇವಪ್ಪನನ್ನು ಬಿಟ್ಟುಬಿಟ್ಟರು ಎಂಬ ಸುದ್ದಿ ಸೊಲ್ಲೇನಹಳ್ಳಿಗೆ ಜಯದೇವಪ್ಪನಿಗಿಂತ ಮೊದಲೇ ಬಂದು ಮುಟ್ಟಿತು. ಅವನು ಬೀರೂರಿನಲ್ಲಿ ರೈಲು ಬದಲಾಯಿಸಿ, ಅಜ್ಜಂಪುರದಲ್ಲಿ ಇಳಿದು, ಅಲ್ಲಿಂದ ನಡೆದು ಬರುವಷ್ಟರಲ್ಲಿ ಊರು ಅವನ ವಿಚಾರಣೆಯನ್ನು ಇನ್ನೊಂದು ಸಲ ಮುಗಿಸಿತ್ತು. ಈ ಸಲ ವಕೀಲರಿರಲಿಲ್ಲವಾದ್ದರಿಂದ ಬೇಗ ಮುಗಿಯಿತು.

ವಿಚಾರಣೆ ನಡೆದದ್ದು ಬೆನಕಪ್ಪನ ಹಿಟ್ಟಿನ ಗಿರಣಿಯಲ್ಲಿ. ರಾಗಿ ಚೀಲ ಇಳಿಸಿ ಸರದಿ ಕಾಯುವವರಿಗೆ ಮಾತಾಡುವುದು ಬಿಟ್ಟರೆ ಬೇರೆ ಕೆಲಸವಿರುವುದಿಲ್ಲ. ಅದರ ಮೇಲೆ ಆಯಿಲ್ ಇಂಜಿನ್ನಿನ ಗದ್ದಲ. ಅಲ್ಲಿ ಏನು ಹೇಳಬೇಕಾದರೂ ಕೂಗಿಯೇ ಹೇಳಬೇಕು. ಕೂಗಿ ಹೇಳಿದ ಮಾತು ಎಷ್ಟೇ ಪೊಳ್ಳಾದರೂ ನಿಜದ ಹಾಗೆ ಕೇಳಿಸುತ್ತದೆ.

"ಗಲ್ಲಿಗೆ ಹಾಕ್ತಾರೆ ಅಂದ್ಕಂಡಿದ್ವಲ್ಲ, ಬಿಟ್ಟೇಬಿಟ್ರಾ?" ಎಂದ ಒಬ್ಬ.

"ಗಲ್ಲು ಅಂದ್ರೆ ಒಂದ್ ಗಳಿಗೆ ಕಣಪ್ಪ. ಅದೊಂದು ಶಿಕ್ಷೆನಾ? ತರೀಕೆರೆ ಪಾಳೇಗಾರ್ರ ಕಾಲ್ದಾಗೆ ಆನೆ ಕಾಲಿಗೆ ಕಟ್ಟಿ ಎಳೆಸ್ತಿದ್ರಂತೆ."

"ಸ್ವತಂತ್ರ ಬಂದಿದ್ದು ಕೊಲೆಗಾರ್ರಿಗೆ ಕಣ್ರೀ. ನಮಗೇನ್ ಬಂತು, ಸೀಮೆಎಣ್ಣೆಗೆ ಕ್ಯೂ ಬಂತು."

ಆನೆಯನ್ನು ಎಲ್ಲಿಂದ ತರುವುದು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಮಾತಿನ ನಡುವೆ ಒಳಗಿನ ಬೆಂಚಿನ ಕಡೆಗೊಮ್ಮೆ ನೋಡುತ್ತಿದ್ದರು. ಅಲ್ಲಿ ಬೆನಕಪ್ಪನ ಅಕ್ಕ ವಿಶಾಲಾಕ್ಷಮ್ಮ ಸೆರಗು ಹೊದ್ದು ಕೂತಿದ್ದಳು. ಸತ್ತವನು ಅವಳ ಮಗ. ಒಬ್ಬನೇ ಮಗ. ಹೀಗಾಗಿ ಊರಿನ ತೀರ್ಪಿಗೆ ಸಹಿ ಹಾಕಬೇಕಾದವಳು ಅವಳೇ ಎಂಬುದು ಯಾರೂ ಹೇಳದೆ ಎಲ್ಲರಿಗೂ ಗೊತ್ತಿತ್ತು.

"ಕೋರ್ಟು ಬಿಟ್ರೆ ಏನಾಯ್ತು, ಊರು ಬಿಡಲ್ಲ," ಎಂದ ಬೆನಕಪ್ಪ. ಗಿರಣಿಯ ಯಜಮಾನ, ಊರಿಗೂ ಯಜಮಾನ. "ಅವನ ಮನೆಗೆ ಬೆಂಕಿ ಇಲ್ಲ, ನೀರಿಲ್ಲ. ಕೂಲಿಗೆ ಯಾರೂ ಹೋಗಂಗಿಲ್ಲ. ಕ್ಷೌರದೋರು, ಅಗಸ್ರು, ಸೂಲಗಿತ್ತಿ, ಯಾರೂ ಹೊಸಲು ದಾಟಂಗಿಲ್ಲ. ಅವನ ರಾಗಿ ನನ್ನ ಗಿರಣಿಗೆ ಬರಂಗಿಲ್ಲ. ಎಲ್ಲೀವರ್ಗೂ ಅಂದ್ರೆ ಅಕ್ಕನ ಮನಸ್ಸು ತಣ್ಣಗಾಗೋವರ್ಗೂ. ಅಕ್ಕ ಸಾಕು ಅಂದ ದಿನ ಸಾಕು."

ವಿಶಾಲಾಕ್ಷಮ್ಮ ತಲೆಯಾಡಿಸಿದಳು. ಸಾಕು ಎನ್ನುವ ದಿನ ತನ್ನ ಜೀವಮಾನದಲ್ಲಿ ಬರುವುದಿಲ್ಲ ಎಂದು ಅವಳಿಗೆ ಆಗ ಖಾತ್ರಿಯಿತ್ತು.

ಓಂಕಾರಮೂರ್ತಿ ಸತ್ತದ್ದು ಶ್ರಾವಣದಲ್ಲಿ. ಬೆಳಿಗ್ಗೆ ತೋಟಕ್ಕೆ ಹೋದವನು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಬೇಲಿಯ ಪಕ್ಕದ ತೆಂಗಿನ ಮರದ ಬುಡದಲ್ಲಿ ಬೋರಲಾಗಿ ಬಿದ್ದಿದ್ದ, ನೆತ್ತಿ ಒಡೆದಿತ್ತು. ಬೇಲಿಯ ಆಚೆಗಿನದು ದಾಯಾದಿ ಜಯದೇವಪ್ಪನ ತೋಟ. ಆ ಮರವೋ, ಬುಡ ಓಂಕಾರನ ಕಡೆ, ತಲೆ ಜಯದೇವಪ್ಪನ ಕಡೆಗೂ ಒಂದಿಷ್ಟು ವಾಲಿದ ಮರ. ನಮ್ಮ ಸೀಮೆಯಲ್ಲಿ ಕೊಬ್ಬರಿಗೆ ಕಾಯಿ ಬೇಕಾದವರು ಬೇಗ ಕೀಳಿಸುವುದಿಲ್ಲ, ಬಲಿತು ತಾನಾಗಿ ಉದುರಲಿ ಎಂದು ಬಿಡುತ್ತಾರೆ. ಉದುರಿದ ಕಾಯಿ ಯಾವ ಕಡೆ ಬಿತ್ತೋ ಆ ಕಡೆಯವನು ಎತ್ತಿಕೊಂಡ, ಯಾವ ಕಡೆ ಬುಡವಿತ್ತೋ ಆ ಕಡೆಯವನು ಬೈದ. ಸಾಯುವ ವಾರದಲ್ಲೇ ಇಬ್ಬರೂ ಬೇಲಿಯ ಎರಡು ಕಡೆ ನಿಂತು ಊರೆಲ್ಲ ಕೇಳುವಂತೆ ಜಗಳವಾಡಿದ್ದರು. ಜಯದೇವಪ್ಪ, "ನಿನ್ನ ತಲೆ ಒಡೀತೀನಿ ಕಣೋ" ಎಂದದ್ದನ್ನು ಹತ್ತು ಜನ ಕೇಳಿದ್ದರು. ಆ ಹತ್ತು ಜನರ ಪೈಕಿ ಅಂಥ ಮಾತನ್ನು ತಮ್ಮ ದಾಯಾದಿಗೆ ಹೇಳದವರು ಒಬ್ಬರೂ ಇರಲಿಲ್ಲ. ಆದರೆ ಅವರ ದಾಯಾದಿಗಳೆಲ್ಲ ಗಟ್ಟಿಮುಟ್ಟಾಗಿ ಬದುಕಿದ್ದರಲ್ಲ.

ಪೊಲೀಸರು ಬಂದರು, ಹೆಣ ಆಸ್ಪತ್ರೆಗೆ ಹೋಗಿ ಬಂತು. ಡಾಕ್ಟರು ಮುಂದೆ ಕೋರ್ಟಿನಲ್ಲಿ ಹೇಳಿದ್ದಿಷ್ಟು: ಪೆಟ್ಟು ನೆತ್ತಿಗೆ ನೇರವಾಗಿ ಬಿದ್ದಿದೆ, ಮನುಷ್ಯ ಹೊಡೆದದ್ದೂ ಇರಬಹುದು, ಮೇಲಿನಿಂದ ಬಿದ್ದ ತೆಂಗಿನಕಾಯಿಯದೂ ಇರಬಹುದು. ಮರದ ಬುಡದಲ್ಲಿ ಕಾಯಿಗಳೂ ಬಿದ್ದಿದ್ದವು. ಮ್ಯಾಜಿಸ್ಟ್ರೇಟರು ಅದನ್ನು ಹಿಡಿದುಕೊಂಡು, ಮೇಲಿನ ಕೋರ್ಟಿಗೆ ಕಳಿಸುವಷ್ಟು ಸಾಕ್ಷಿಯಿಲ್ಲ ಎಂದರು.

ಊರು ನಕ್ಕಿತು. ಆ ಡಾಕ್ಟರು ತೆಂಗಿನಕಾಯಿ ನೋಡಿರುವುದು ಚಟ್ನಿಯಲ್ಲಿ ಮಾತ್ರ ಎಂದಿತು. ಏಕೆಂದರೆ ತೆಂಗಿಗೆ ಮೂರು ಕಣ್ಣು, ಅದು ಕೆಳಗೆ ಯಾರಿದ್ದಾರೆ ಎಂದು ನೋಡಿಯೇ ಬೀಳುತ್ತದೆ ಎಂಬುದು ಆ ಸೀಮೆಯ ಹಾಲುಗೂಸಿಗೂ ಗೊತ್ತು. ತೋಟದಲ್ಲಿ ಮಕ್ಕಳನ್ನು ಮಲಗಿಸುತ್ತಾರೆ, ದನ ಕಟ್ಟುತ್ತಾರೆ, ಬುತ್ತಿ ಬಿಚ್ಚುತ್ತಾರೆ. ಎಂದಾದರೂ ಯಾರ ತಲೆಯ ಮೇಲಾದರೂ ಬಿದ್ದದ್ದುಂಟೇ? ಬಿದ್ದರೆ ಅವನು ಪಾಪಿಯೇ. ಯಾರ ಕಣ್ಣಿಗೂ ಬೀಳದ ಪಾಪ ಆ ಮೂರು ಕಣ್ಣಿಗೆ ಬಿದ್ದಿದೆ ಎಂದೇ ಅರ್ಥ.

ವಿಶಾಲಾಕ್ಷಮ್ಮ ಮಾತ್ರ ನಗಲಿಲ್ಲ.  ಮಗ ಸತ್ತ, ಅದನ್ನು ಹೇಗೋ ನುಂಗಬಹುದು. ಕಾಯಿ ಬಿದ್ದು ಸತ್ತ ಎಂದರೆ ಅವನು ಪಾಪಿಯಾಗುತ್ತಾನೆ. ತಾಯಿಗೆ ಒಂದು ದಿನ ಎದುರಾಡದ, ಮಠದ ಅಯ್ನೋರು ಬಂದರೆ ಓಡಿಹೋಗಿ ಕಾಲಿಗೆ ನೀರು ಕೊಡುತ್ತಿದ್ದ ಹುಡುಗ ಪಾಪಿಯೇ? ಆದ್ದರಿಂದ ಅವನನ್ನು ಯಾರೋ ಕೊಂದಿರಲೇಬೇಕಿತ್ತು. ಇದನ್ನು ಅವಳು ಹೀಗೆ ಬಿಡಿಸಿ ಯೋಚಿಸಿದವಳಲ್ಲ. ಬಿಡಿಸಿ ಯೋಚಿಸಿದ್ದರೆ ಕಥೆ ಬೇರೆಯಾಗುತ್ತಿತ್ತು.

ಅಲ್ಲದೆ ಅವಳಲ್ಲಿ ಕೋರ್ಟಿಗೆ ಗೊತ್ತಿಲ್ಲದ ಒಂದು ಸಾಕ್ಷಿಯಿತ್ತು. ಮಣ್ಣಿನ ದಿನ ಓಂಕಾರನನ್ನು ಗುಂಡಿಯಲ್ಲಿ ಕೂರಿಸಿ, ಅಯ್ನೋರು ವಿಭೂತಿ ಇಟ್ಟು ಬಿಲ್ವಪತ್ರೆ ಏರಿಸಿದ ಮೇಲೆ, ನೆಂಟರು ದಾಯಾದಿಗಳೆಲ್ಲ ಒಬ್ಬೊಬ್ಬರಾಗಿ ಬಂದು ಹಿಡಿ ಮಣ್ಣು ಹಾಕಿದರು. ಹಗೆಯಿದ್ದವರೂ ಹಾಕಿದರು. ಮಣ್ಣಿನ ಹೊತ್ತಿಗೆ ಹಗೆ ನೋಡಬಾರದು. ಜಯದೇವಪ್ಪನೊಬ್ಬ ಹಾಕಲಿಲ್ಲ. ದೂರದ ಹೊಂಗೆ ಮರದ ಕೆಳಗೆ ಕೈಕಟ್ಟಿ ನಿಂತಿದ್ದ. ಚಿಕ್ಕಂದಿನಲ್ಲಿ ಓಂಕಾರನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು, ಹತ್ತಿರ ಬರಲಿಲ್ಲ, ಹೆಣದ ಮುಖ ನೋಡಲಿಲ್ಲ. ಅತ್ತು ಕಣ್ಣು ಮಂಜಾಗಿದ್ದ ವಿಶಾಲಾಕ್ಷಮ್ಮನಿಗೆ ಅದೊಂದು ಮಾತ್ರ ನಿಚ್ಚಳವಾಗಿ ಕಂಡಿತು. ಕೊಂದ ಕೈ ಮಣ್ಣು ಹಾಕಲು ಹೇಗೆ ಬಂದೀತು ಎಂದುಕೊಂಡಳು.

ಆ ರಾತ್ರಿಯೇ ತಮ್ಮನ ಕಿವಿಗೆ ಹಾಕಿದಳು. ಮರುದಿನ ಗಿರಣಿಯಲ್ಲಿ ರಾಗಿಗಿಂತ ಹೆಚ್ಚಾಗಿ ಅದನ್ನೇ ಬೀಸಿದರು. ಆದರೆ ಇನ್‌ಸ್ಪೆಕ್ಟರ ಎದುರಿಗೆ ಯಾರೂ ಅದನ್ನು ಎತ್ತಲಿಲ್ಲ. ಮಣ್ಣು ಹಾಕಲಿಲ್ಲ ಎನ್ನುವುದನ್ನು ಸರ್ಕಾರದವರು ಏನೆಂದು ಬರೆದುಕೊಂಡಾರು? ಜಗಳದ ಮಾತು ಹೇಳಿದರು, ಅಷ್ಟೇ ಸಾಕೆಂದರು. ಜಯದೇವಪ್ಪನ ಮುಖಕ್ಕಂತೂ ಆ ವಿಷಯವನ್ನು ಯಾರೂ ಹೇಳಲಿಲ್ಲ. ಕೋರ್ಟು ಒಂದು ತಪ್ಪಿಗೆ ಅವನನ್ನು ವಿಚಾರಿಸಿತು, ಊರು ಇನ್ನೊಂದಕ್ಕೆ ಶಿಕ್ಷೆ ಕೊಟ್ಟಿತು. ಆ ಇನ್ನೊಂದು ಏನೆಂದು ಊರಿಗೆಲ್ಲ ಗೊತ್ತಿತ್ತು, ಅವನೊಬ್ಬನಿಗೆ ಗೊತ್ತಿರಲಿಲ್ಲ.

ದೀಪಾವಳಿ ಕಳೆಯಿತು. ಜಯದೇವಪ್ಪನ ಮನೆ ವಿಶಾಲಾಕ್ಷಮ್ಮನ ಮನೆಯ ಎದುರಿಗೇ ಇತ್ತು. ಅವಳಿಗೆ ಈಗ ಜಗಲಿಯ ಮೇಲೆ ಕೂತು ಅವನನ್ನು ಕಾಯುವುದೇ ಉದ್ಯೋಗ. ಅವನ ಹೆಂಡತಿ ಶಂಕರಮ್ಮ, ಪೊಲೀಸರು ಗಂಡನನ್ನು ಹಿಡಿದುಕೊಂಡು ಹೋದ ವಾರವೇ ಅಮೃತಾಪುರದ ತವರಿಗೆ ಹೋದವಳು ಮರಳಿರಲಿಲ್ಲ. ಅವನೇ ನೀರು ತರಲು ಹಳ್ಳಕ್ಕೆ ಹೋಗುತ್ತಿದ್ದ, ಊರ ಬಾವಿ ಅವನಿಗಿರಲಿಲ್ಲ. ಅವನೇ ರಾಗಿ ಮೂಟೆ ಹೊತ್ತು ಅಜ್ಜಂಪುರದ ಗಿರಣಿಗೆ ಹೋಗಿ ಬೀಸಿಸಿಕೊಂಡು ಬರುತ್ತಿದ್ದ. ಗಡ್ಡ ಬೆಳೆದಿತ್ತು. ತಲೆ ತಗ್ಗಿಸಿ ನಡೆದರೆ ಜನ, "ನೋಡಿ, ತಪ್ಪು ಮಾಡಿದೋನು ಹೆಂಗೆ ತಲೆ ತಗ್ಗಿಸ್ತಾನೆ" ಎಂದರು. ಒಂದು ದಿನ ತಲೆಯೆತ್ತಿ ನಡೆದ. "ಕೊಂದು ದಕ್ಕಿಸ್ಕಂಡವ್ನೆ, ಕೊಬ್ಬು ನೋಡಿ" ಎಂದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ವಿಶಾಲಾಕ್ಷಮ್ಮನ ಕಣ್ಣು ಅವರೆಲ್ಲರ ಕಣ್ಣಿಗಿಂತ ಹಳದಿಯಾಗಿತ್ತು. ಅವನು ಬೇಲಿಯ ಮರದ ಕಾಯಿ ಮುಟ್ಟದೆ ಹಾಗೇ ಬಿಟ್ಟಿದ್ದ. ಅದೂ ಅವಳ ಲೆಕ್ಕಕ್ಕೆ ಸೇರಿತು. ಪಾಪಭೀತಿ ಇಲ್ಲದಿದ್ದರೆ ಯಾಕೆ ಬಿಡುತ್ತಾನೆ?

ಸಂಕ್ರಾಂತಿಯ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಅವನು ರಸ್ತೆ ದಾಟಿ ಬಂದು ಅವಳ ಜಗಲಿಯ ಕೆಳಗೆ ನಿಂತ.

"ದೊಡ್ಡವ್ವ, ಒಂದ್ ಮಾತು. ನಾನೇನ್ ಮಾಡ್ದೆ ಅಂತ ಹೇಳು."

ವಿಶಾಲಾಕ್ಷಮ್ಮ ಎದ್ದಳು.

"ಜಗಳ ಆಡ್ದೆ, ಹೌದು. ಅದ್ಕೇ ಅಲ್ಲ ನೀವು ಹಿಂಗ್ ಮಾಡ್ತಿರೋದು. ಬೇರೆ ಏನೋ ಐತೆ. ಎಲ್ರೂ ನನ್ನ ಕೈ ನೋಡ್ತಾರೆ. ಅದೇನಂತ ಹೇಳಿದ್ರೆ..."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಏನೂ ಅರಿಯದ ಹಾಗೆ ಕೇಳುವುದೂ ಒಂದು ನಾಟಕವೇ ಎಂದು ಚಿಲಕ ಹಾಕುವಾಗ ಅಂದುಕೊಂಡಳು. ಹೊರಗೆ ಅವನು ತುಂಬಾ ಹೊತ್ತು ನಿಂತಿದ್ದ. ಅವಳು ಒಳಗೆ, ಅವನು ಯಾವಾಗ ಹೋಗುತ್ತಾನೆಂದು ಬಾಗಿಲ ಸಂದಿಯಲ್ಲಿ ನೋಡುತ್ತಿದ್ದಳು.

ಫಾಲ್ಗುಣದಲ್ಲಿ ಒಂದು ಸಂಜೆ ಅವನ ಮನೆಯ ಮುಂದೆ ಕಮಾನುಗಾಡಿ ಬಂದು ನಿಂತಿತು. ಶಂಕರಮ್ಮ ಕಂಬಳಿ ಹೊದ್ದು ಇಳಿದು ಒಳಗೆ ಹೋದಳು, ಮತ್ತೆ ಹೊರಗೆ ಕಾಣಿಸಿಕೊಳ್ಳಲಿಲ್ಲ. ತವರಿನಲ್ಲಿ ತಾಯಿಯಿಲ್ಲ, ಅಣ್ಣನ ಹೆಂಡತಿ, ಕೊಲೆಗಾರನ ಹೆಂಡತಿಯನ್ನು ಎಷ್ಟು ದಿನ ಇಟ್ಟುಕೊಳ್ಳುವುದು ಎಂದಳಂತೆ. ಅಮೃತಾಪುರವೂ ಊರೇ ತಾನೆ. ಅಲ್ಲಿಯೂ ಬಾಯಿಗಳಿದ್ದವು.

ಅದಾದ ವಾರದೊಳಗೆ, ಹೊತ್ತೇರಿದ ಮೇಲೆ, ಸೂಲಗಿತ್ತಿ ಕಲ್ಲಮ್ಮ ವಿಶಾಲಾಕ್ಷಮ್ಮನ ಹಿತ್ತಲ ಬಾಗಿಲಿಗೆ ಬಂದಳು. ಮುಂಬಾಗಿಲಿಗೆ ಬರದೆ ಹಿತ್ತಲಿಗೆ ಬಂದದ್ದೇ ವಿಶಾಲಾಕ್ಷಮ್ಮನಿಗೆ ಸರಿಕಾಣಲಿಲ್ಲ.

"ಏನೇ ಕಲ್ಲವ್ವ, ಕಳ್ಳಿ ಹಂಗೆ?"

"ಅವ್ವಾರೆ, ಶಂಕ್ರವ್ವಂಗೆ ನೋವು ಹಿಡ್ದದೆ. ಬೆಳಿಗ್ಗಿಂದ ಒದ್ದಾಡ್ತಾವ್ಳೆ. ನೀವು ಒಂದ್ ಮಾತು ಅಂದ್ರೆ ಹೋಗ್ತೀನಿ."

"ಏನ್ ನೋವು?"

"ಹೆರಿಗೆ ನೋವು ಕಣವ್ವ."

ವಿಶಾಲಾಕ್ಷಮ್ಮ ಮೊರದಲ್ಲಿದ್ದ ಅವರೆಕಾಳನ್ನು ಪಕ್ಕಕ್ಕಿಟ್ಟಳು. ಅವಳ ತಲೆ ಮೊದಲು ಓಡಿದ್ದು ಹೊಲಸು ದಾರಿಯಲ್ಲಿ. ಅವನನ್ನು ಬಿಟ್ಟದ್ದು ದೀಪಾವಳಿಯಲ್ಲಿ. ಇವಳು ಶ್ರಾವಣದಿಂದ ತವರಿನಲ್ಲಿ. ಬೆರಳು ಮಡಚಿದಳು, ಬಿಚ್ಚಿದಳು.

"ಯಾರದ್ದೇ ಅದು?" ಎಂದಳು.

ಕಲ್ಲಮ್ಮ ಅವಳ ಮುಖ ನೋಡಿದಳು. ಆ ನೋಟದಲ್ಲಿ ಅಸಹ್ಯವಿತ್ತು. ಇಷ್ಟು ವರ್ಷ ಆ ಮನೆಯ ಸೊಪ್ಪು ಕಾಯಿ ಇಸಿದುಕೊಂಡು ಬದುಕಿದವಳು ಅದನ್ನು ಮುಚ್ಚಿಡಲೂ ಇಲ್ಲ.

"ತುಂಬಿದ್ ತಿಂಗ್ಳು ಅವ್ವಾರೆ. ಅವ್ಳ ಗಂಡಂದೇ. ನಿಮ್ ಮಗ ತೀರ್ಕಂಡಾಗ್ಲೇ ಅವ್ಳಿಗೆ ಎಲ್ಡು ತಿಂಗ್ಳು ನಿಂತಿತ್ತು. ನಾನೇ ಕೈ ಹಿಡ್ದು ನೋಡಿ ಹೇಳಿದ್ದು. ಮೂರು ಬಸ್ರು ಕಳ್ಕಂಡವ್ಳು, ಈ ಸಲ ದೃಷ್ಟಿ ಆಗ್ದಂಗೆ ಐದು ತುಂಬೋಗಂಟ ಯಾರಿಗೂ ಅನ್ಬ್ಯಾಡಿ ಅಂದಿದ್ದೆ. ಮಣ್ಣಿನ್ ದಿನ ಜಯದೇವಪ್ಪಾರು ಅಳ್ತಾ ಹೊಂಟಿದ್ರು. ನಾನೇ ಅಡ್ಡ ನಿಂತೆ. ಹೆಣ ಮುಟ್ಬ್ಯಾಡಿ, ಮಣ್ಣು ಹಾಕ್ಬ್ಯಾಡಿ, ದೂರ ನಿಂತ್ಕಳಿ ಅಂತ."

ಬಸುರಿಯ ಗಂಡ ಹೆಣ ಹೊರಬಾರದು, ಗುಂಡಿಗೆ ಮಣ್ಣು ಹಾಕಬಾರದು. ಇದನ್ನು ವಿಶಾಲಾಕ್ಷಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಓಂಕಾರ ಹೊಟ್ಟೆಯಲ್ಲಿದ್ದಾಗ ಅವಳೇ, ಸ್ವಂತ ಸೋದರಮಾವ ತೀರಿಕೊಂಡರೂ ತನ್ನ ಗಂಡನನ್ನು ಗುಂಡಿಯ ಹತ್ತಿರಕ್ಕೆ ಬಿಟ್ಟಿರಲಿಲ್ಲ.

 ಆದರೂ ಏಳು ತಿಂಗಳು ಬೆಳೆಸಿದ ಅನುಮಾನ ಒಂದು ಮಾತಿಗೆ ಸಾಯುತ್ತದೆಯೇ? ಇವಳಿಗೆ ಅವನು ಹೇಳಿಕೊಟ್ಟು ಕಳಿಸಿರಬಾರದೇಕೆ ಎಂದಿತು ಮನಸ್ಸು.

"ಇಷ್ಟ್ ದಿನ ಯಾಕ್ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನಂಬ್ತಿದ್ರಾ? ಕಲ್ಲಿನೂ ಅವ್ರ ಕಡೆ ಅಂತ ನನ್ ಗುಡ್ಲಿಗೂ ಬೆಂಕಿ ನೀರು ನಿಲ್ಲಿಸ್ತಿದ್ರಿ. ಹೆದ್ರಿಕಂಡೆ ಅವ್ವಾರೆ. ಬಡವಿ. ಇವತ್ತು ಆ ಹುಡ್ಗಿ ಕೂಗು ಕೇಳಿ ತಡೀಲಾರ್ದೆ ಬಂದೆ."

ರಸ್ತೆಯಾಚೆಯಿಂದ ಒಂದು ಕೂಗು ಬಂತು. ಬಾಯಿಗೆ ಬಟ್ಟೆ ಕಚ್ಚಿಕೊಂಡು ತಡೆಹಿಡಿದ ಕೂಗು. ಕೊಲೆಗಾರನ ಹೆಂಡತಿ ಜೋರಾಗಿ ನೋಯುವುದಕ್ಕೂ ಹೆದರುತ್ತಿದ್ದಳು. ಅದನ್ನು ಕೇಳಿ ವಿಶಾಲಾಕ್ಷಮ್ಮನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ನಡೀ," ಎಂದಳು. "ನಾನೂ ಬತ್ತೀನಿ."

ಹಾಡಹಗಲು, ಬೀದಿಯ ನಡುವೆ, ಎಲ್ಲರ ಜಗಲಿಗಳ ಮುಂದೆ ಇಬ್ಬರೂ ದಾಟಿಹೋದರು. ಬಾಗಿಲಲ್ಲಿ ನಿಂತಿದ್ದ ಜಯದೇವಪ್ಪ ಪಕ್ಕಕ್ಕೆ ಸರಿದ. ಅವನ ಕಣ್ಣಲ್ಲಿ ಸಂತೋಷವಿರಲಿಲ್ಲ. ಈ ಮುದುಕಿ ಈಗ ಏನು ಮಾಡಲು ಬಂದಳೋ ಎಂಬ ಅನುಮಾನವಿತ್ತು. ವಿಶಾಲಾಕ್ಷಮ್ಮ ಅದನ್ನು ಗುರುತು ಹಿಡಿದಳು. ಅನುಮಾನದ ಮುಖ ಅವಳಿಗೆ ಚೆನ್ನಾಗಿ ಪರಿಚಯವಿತ್ತು.

ಒಳಗೆ ಮಗು ಅಡ್ಡ ತಿರುಗಿತ್ತು. ಕಲ್ಲಮ್ಮ ಕೈಗೆ ಹರಳೆಣ್ಣೆ ಸವರಿಕೊಂಡು ಸರಿಮಾಡಿದಳು. ವಿಶಾಲಾಕ್ಷಮ್ಮ ಶಂಕರಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಲ್ಲಿ ತುರುಕಿದ್ದ ಬಟ್ಟೆಯನ್ನು ಎಳೆದು ಹಾಕಿ, "ಕೂಗ್ಕೊ ಕಣವ್ವ, ಕೂಗ್ಕೊ, ಊರಿಗೆಲ್ಲ ಕೇಳ್ಲಿ" ಎಂದಳು. ಬಿಸಿಲು ಇಳಿಯುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಮೊದಲು ಉಸಿರೆತ್ತಲಿಲ್ಲ. ಕಲ್ಲಮ್ಮ ಕಾಲು ಹಿಡಿದು ತೂಗಿ ಬೆನ್ನಿಗೆ ತಟ್ಟಿದಳು. ಆಮೇಲೆ ಅತ್ತಿತು. ಇನ್ನು ಅರ್ಧ ಗಳಿಗೆ ತಡವಾಗಿದ್ದರೆ ಎರಡು ಜೀವ ಹೋಗುತ್ತಿತ್ತು ಎಂದು ಅವಳು ಕೈ ತೊಳೆಯುತ್ತ ಹೇಳಿದಳು.

ವಿಶಾಲಾಕ್ಷಮ್ಮ ಮಗುವನ್ನು ಹಳೆಯ ಸೀರೆಯ ಚೂರಿನಲ್ಲಿ ಸುತ್ತಿ ಹೊರಗೆ ತಂದಳು. ಜಯದೇವಪ್ಪ ಕೈ ಮುಂದೆ ಮಾಡಲಿಲ್ಲ.

"ದೊಡ್ಡವ್ವ, ಈಗಾದ್ರೂ ಹೇಳು. ನಾನೇನ್ ಮಾಡ್ದೆ?"

ಅವಳು ಹೇಳಿದಳು. ಮಣ್ಣಿನ ದಿನದ್ದು, ಹೊಂಗೆ ಮರದ ಕೆಳಗಿನದು, ಎಲ್ಲ. ಹೇಳುತ್ತ ಹೋದಂತೆ ಆ ಮಾತು ಎಷ್ಟು ಪುಟ್ಟದೆಂದು ಅವಳಿಗೇ ಗೊತ್ತಾಯಿತು. ಒಬ್ಬ ಮನುಷ್ಯನನ್ನು ಇಷ್ಟು ತಿಂಗಳು ಸುಡುವುದಕ್ಕೆ ಅಷ್ಟೇ ಪುಳ್ಳೆ ಸಾಕಾಗಿತ್ತು.

ಜಯದೇವಪ್ಪ ತನ್ನ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡ. ಬೈಯುತ್ತಾನೆ ಎಂದುಕೊಂಡಳು. ಬೈದರೆ ಚೆನ್ನಾಗಿರುತ್ತಿತ್ತು.

"ಕೇಳಿದ್ರೆ ಹೇಳ್ತಿದ್ದೆನಲ್ಲ ದೊಡ್ಡವ್ವ," ಎಂದ.

ಅಷ್ಟೇ ಅಂದದ್ದು. ಆಮೇಲೆ ಮಗುವನ್ನು ಇಸಿದುಕೊಂಡ.

ವಿಶಾಲಾಕ್ಷಮ್ಮ ಅಲ್ಲಿಂದ ಮನೆಗೆ ಹೋಗಲಿಲ್ಲ. ಕಾಲು ಎಳೆದುಕೊಂಡು ನೇರ ಗಿರಣಿಗೆ ಹೋದಳು. ಸುದ್ದಿ ಆಗಲೇ ಅಲ್ಲಿಗೆ ಹೋಗಿ ಕೂತಿತ್ತು. ಬೆನಕಪ್ಪ ಅಕ್ಕನನ್ನು ಕಂಡು ಇಂಜಿನ್ ನಿಲ್ಲಿಸಿದ. ಆ ಗಿರಣಿಯಲ್ಲಿ ಅಷ್ಟು ನಿಶ್ಶಬ್ದ ಯಾರೂ ಕೇಳಿದ್ದಿಲ್ಲ. ಅವಳು ಕೂಗಬೇಕಾಗಿರಲಿಲ್ಲ, ಮೆಲ್ಲಗೇ ಹೇಳಿದಳು. ಬಸುರಿನ ಮಾತು ಹೇಳಿದಳು, ಕಲ್ಲಮ್ಮ ತಡೆದದ್ದನ್ನು ಹೇಳಿದಳು.

"ಸಾಕು ಕಣೋ ಬೆನಕಾ. ತೆಗೀರಿ. ಅವನು ಕೊಂದಿಲ್ಲ."

"ಅವನು ಕೊಂದಿಲ್ಲ ಅಂದ್ರೆ?" ಎಂದ ಬೆನಕಪ್ಪ. "ಮಣ್ಣು ಹಾಕ್ದೆ ಇದ್ದಿದ್ದಕ್ಕೆ ಬೇರೆ ಕಾರಣ ಇತ್ತು, ಸರಿ. ಅಷ್ಟಕ್ಕೇ ಕೊಂದಿಲ್ಲ ಅಂತ ಹೆಂಗಾಯ್ತು? ಹಂಗಾದ್ರೆ ಇನ್ಯಾರು? ಆ ಡಾಕ್ಟ್ರು ಹೇಳಿದಂಗೆ ನಮ್ ಓಂಕಾರನ ತಲೆ ಮೇಲೆ ಕಾಯಿ ಬಿತ್ತು ಅಂತೀಯೇನ್ ಅಕ್ಕ?"

ರಾಗಿ ಚೀಲಗಳ ಮೇಲೆ ಕೂತವರೆಲ್ಲ ಅವಳ ಬಾಯಿ ನೋಡಿದರು. ವಿಶಾಲಾಕ್ಷಮ್ಮನಿಗೆ ತಮ್ಮ ಏನು ಕೇಳುತ್ತಿದ್ದಾನೆಂದು ಗೊತ್ತಿತ್ತು. ಅವನು ಕೆಟ್ಟವನಲ್ಲ. ಸೋದರಳಿಯನ ಹೆಸರು ಕೆಡದಿರಲಿ ಎಂದೇ ದಾರಿ ಬಿಟ್ಟು ಕೊಡುತ್ತಿದ್ದ. ಯಾರೋ ಕಳ್ಳರಿರಬೇಕು ಎಂದರೆ ಸಾಕು, ಗೊತ್ತಿಲ್ಲಪ್ಪ ಎಂದರೂ ಸಾಕು. ಆದರೆ ಗೊತ್ತಿಲ್ಲ ಎಂದರೆ ಊರು ಮತ್ತೆ ಜಯದೇವಪ್ಪನ ಕೈಯನ್ನೇ ನೋಡುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಒಂದು ಕಡೆ ಸತ್ತ ಮಗನ ಹೆಸರು, ಇನ್ನೊಂದು ಕಡೆ ಈಗ ತಾನೆ ಅತ್ತ ಆ ಕೂಸಿನ ಮನೆ. ಅವಳಿಗೆ ಮಗನ ಮುಖ ನೆನಪಾಯಿತು.

"ಬಿತ್ತು," ಎಂದಳು. "ಕಾಯಿ ಬಲ್ತಿತ್ತು. ನನ್ ಮಗ ಕೆಳಗಿದ್ದ. ಬಿತ್ತು."

 ಬೆನಕಪ್ಪ ಅವಳ ಮುಖವನ್ನೇ ನೋಡಿದ, ಆಮೇಲೆ ತಲೆ ತಗ್ಗಿಸಿ ಇಂಜಿನ್ನಿನ ಹ್ಯಾಂಡಲ್ ತಿರುಗಿಸಿದ.

ಊರು ಭಾರೀ ಸುಲಭವಾಗಿ ಒಪ್ಪಿಕೊಂಡಿತು. ಇಷ್ಟು ಸುಲಭವಾಗಿ ಒಪ್ಪೀತು ಎಂದು ವಿಶಾಲಾಕ್ಷಮ್ಮ ಎಣಿಸಿರಲಿಲ್ಲ. ಮರುದಿನವೇ ಅಗಸರು ಬಾಣಂತಿ ಬಟ್ಟೆಗೆ ಬಂದರು. ಹೆಂಗಸರು ಬಾಣಂತಿಗೆ ಬೆಳ್ಳುಳ್ಳಿ, ಕೊಬ್ಬರಿ, ಬೆಲ್ಲ ಹಿಡಿದು ಬಂದರು. ಆನೆ ಕಾಲಿನ ಮಾತಾಡಿದ್ದವನೇ ಜಯದೇವಪ್ಪನ ರಾಗಿ ಮೂಟೆಗೆ ಕೈಕೊಟ್ಟು ಗಿರಣಿಯಲ್ಲಿ ಇಳಿಸಿಕೊಂಡನಂತೆ. "ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು ಕಣಪ್ಪ, ನೀನು ಅಂಥೋನಲ್ಲ ಅಂತ," ಎಂದನಂತೆ. ವಿಶಾಲಾಕ್ಷಮ್ಮ ಜಗಲಿಯಲ್ಲಿ ಕೂತು ಎದುರು ಮನೆಗೆ ಜನ ಹೋಗಿಬರುವುದನ್ನು ನೋಡಿದಳು. ಎದೆಯ ಭಾರ ಇಳಿದಂತಾಯಿತು. ಮನುಷ್ಯರು ತಾನು ತಿಳಿದಷ್ಟು ಕೆಟ್ಟವರಲ್ಲ ಎಂದುಕೊಂಡಳು. ಹೋಗುವವರು ಬರುವವರು ತನ್ನ ಮುಂದೆ ಬಂದಾಗ ಮಾತು ನಿಲ್ಲಿಸುತ್ತಿದ್ದುದನ್ನು, ತನ್ನ ದುಃಖಕ್ಕೆ ಕೊಡುವ ಮರ್ಯಾದೆ ಎಂದೇ ತಿಳಿದಳು.

ಮೂರನೆಯ ದಿನ ಬೆನಕಪ್ಪನ ಹೆಂಡತಿ ತೀರ್ಥಮ್ಮ ಬಂದಳು. ಒಂದು ಬಟ್ಟಲು ಹೆಸರುಬೇಳೆ ಪಾಯಸ ತಂದಿದ್ದಳು. ಪಕ್ಕದಲ್ಲಿ ಕೂತು ಅತ್ತಿಗೆಯ ಕೈಯನ್ನು ಕೈಯಲ್ಲಿಟ್ಟುಕೊಂಡಳು. ಮಗುವಿಗೆ ಯಾವ ಹೆಸರಿಡುತ್ತಾರಂತೆ ಎಂದಳು, ಈ ವರ್ಷ ಸೆಕೆ ಜಾಸ್ತಿ ಎಂದಳು. ಆಮೇಲೆ ಬೀದಿಯ ಕಡೆ ನೋಡುತ್ತ, ಏನೋ ಈಗ ನೆನಪಾದವಳ ಹಾಗೆ ಕೇಳಿದಳು.

"ಅತ್ತಿಗೆ, ಬ್ಯಾಸರ ಮಾಡ್ಕಬ್ಯಾಡಿ. ಓಂಕಾರ ವಾರವಾರ ಬೀರೂರಿಗೆ ಹೋಗ್ತಿದ್ನಲ್ಲ, ಯಾಕೆ?"

"ಯಾಕೆ ಅಂದ್ರೆ?"

"ಏನಿಲ್ಲ. ಗಿರಣೀಲಿ ಅಂತಿದ್ರು. ಕೊಬ್ರಿ ಮಾರೋ ಕಾಲ ಅಲ್ದಿದ್ರೂ ಹೋಗ್ತಿದ್ದ, ಕತ್ಲಾದ ಮೇಲೆ ಬತ್ತಿದ್ದ ಅಂತ. ಸ್ಟೇಷನ್ ಹಿಂದ್ಗಡೆ ಬೀದೀಲಿ ಯಾರೋ ನೋಡಿದ್ರಂತೆ. ಕಾಯಿ ಸುಮ್‌ಸುಮ್ನೆ ಬೀಳುತ್ತಾ ಅಂತ ಅವ್ರು. ನಾನಲ್ಲ ಅತ್ತಿಗೆ, ಅವ್ರು."

 ಎದುರು ಮನೆಗೆ ಬೆಳ್ಳುಳ್ಳಿ ಕೊಬ್ಬರಿ ಯಾಕೆ ಅಷ್ಟು ಸಲೀಸಾಗಿ ಬಂತೆಂದು ವಿಶಾಲಾಕ್ಷಮ್ಮನಿಗೆ ಈಗ ತಿಳಿಯಿತು. ಊರಿಗೆ ಒಬ್ಬ ತಪ್ಪಿತಸ್ಥ ಬೇಕಿತ್ತು. ಒಬ್ಬನನ್ನು ಬಿಡಿ ಎಂದು ಕೇಳಿ ಅವಳು ಇನ್ನೊಬ್ಬನನ್ನು ತಾನೇ ಕೈಯಾರೆ ಕೊಟ್ಟು ಬಂದಿದ್ದಳು. ಈ ಅಪರಾಧಿಗೆ ಯಾವ ಕೋರ್ಟಿನಲ್ಲೂ ಬಿಡುಗಡೆಯಿಲ್ಲ. ಜಗಲಿಯ ಕೆಳಗೆ ಬಂದು ನಿಂತು, ನಾನೇನು ಮಾಡಿದೆ ಎಂದು ಕೇಳುವುದಕ್ಕೂ ಅವನು ಬರಲಾರ.

ಆದರೂ ತಾಯಿಯಲ್ಲವೇ. ಹೇಳಿದಳು.

"ನನ್ ಮಂಡಿ ನೋವಿಗೆ ಎಣ್ಣೆ ತರಾಕೆ ಹೋಗ್ತಿದ್ದ ಕಣೇ. ಆ ಬೀದೀಲಿ ಒಬ್ರು ಪಂಡಿತ್ರವ್ರೆ. ವಾರಕ್ಕೊಂದ್ ಸಲ ಕಾಯ್ಸಿ ಕೊಡ್ತಿದ್ರು. ಅದು ಕಾಯೋವರ್ಗೂ ಅಲ್ಲೇ ಕೂತಿದ್ದು, ಸಂಜೆ ರೈಲಿಗೆ ಬತ್ತಿದ್ದ. ಇನ್ನೂ ಒಂದ್ ಸೀಸೆ ಒಳ್ಗೇ ಐತೆ, ತೋರಿಸ್ಲಾ?"

ತೀರ್ಥಮ್ಮ ಬೇಡ ಎನ್ನುವಂತೆ ಅವಳ ಕೈಯನ್ನು ಮೆತ್ತಗೆ ಅದುಮಿದಳು.

"ಹೂಂ," ಎಂದಳು.

ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಆ ಹೂಂ ಏನೆಂದು ವಿಶಾಲಾಕ್ಷಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಏಳು ತಿಂಗಳು ಇದೇ ಜಗಲಿಯಲ್ಲಿ ಕೂತು ಎದುರು ಮನೆಯವನ ಬಗ್ಗೆ ಯಾರು ಏನೇ ಒಳ್ಳೆಯದು ಹೇಳಿದರೂ ಅವಳು ಅಂದದ್ದು ಅದನ್ನೇ.